ಪಕ್ಕೆಲುಬಿನಡಿಯ ನೋವು: ಕಾರಣ, ಪರೀಕ್ಷೆ, ಪರಿಹಾರ

ಶರೀರದಲ್ಲಿ ಕಾಣಿಸಿಕೊಳ್ಳುವ ನೋವುಗಳಲ್ಲಿ ಹಲವಕ್ಕೆ ಹೆಸರು ಸುಲಭವಾಗಿ ದೊರೆಯುತ್ತದೆ. ಹಲ್ಲುನೋವು, ಮಂಡಿನೋವು, ತಲೆನೋವು ಎಂದರೆ ಹೇಳುವವರಿಗೂ ಕೇಳುವವರಿಗೂ ಸಂದೇಹವಿರುವುದಿಲ್ಲ. ಆದರೆ ಎದೆ ಮುಗಿದು ಹೊಟ್ಟೆ ಆರಂಭವಾಗುವ ಗಡಿಯಲ್ಲಿ, ಕೆಳ ಪಕ್ಕೆಲುಬುಗಳ ಅಂಚಿನಲ್ಲಿ ಹುಟ್ಟುವ ನೋವಿಗೆ ಅಂತಹ ನಿಶ್ಚಿತವಾದ ಹೆಸರಿಲ್ಲ. ಅದನ್ನು ಒಬ್ಬರು ಚಳುಕು ಎನ್ನುತ್ತಾರೆ, ಇನ್ನೊಬ್ಬರು ವಾಯು ಎನ್ನುತ್ತಾರೆ, ಮತ್ತೊಬ್ಬರು ಗ್ಯಾಸ್ ಎನ್ನುತ್ತಾರೆ. ಬಗ್ಗಿದಾಗ ಅಥವಾ ಮಗ್ಗುಲು ಬದಲಿಸಿದಾಗ ಬೆರಳಿನ ನೆಟಿಗೆ ಮುರಿದಂತೆ ‘ಟಕ್’ ಎಂಬ ಅನುಭವವೂ ಆದರೆ, ಒಳಗೆ ಏನೋ ಮುರಿದಿದೆ ಎಂಬ ಭಯ ಮನಸ್ಸನ್ನು ಆವರಿಸುತ್ತದೆ. ಪರೀಕ್ಷೆಗಳ ವರದಿಗಳೆಲ್ಲವೂ ಸರಿಯಾಗಿವೆ ಎಂದು ಬಂದಾಗ ಈ ಭಯ ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು.

ಹೈದರಾಬಾದಿನ ಆಗ್ನೇಯ ಭಾಗದಲ್ಲಿ, ವಿಜಯವಾಡ ಹೆದ್ದಾರಿಯ ಮೇಲಿರುವ ದಿಲ್‌ಸುಖ್‌ನಗರವು ತರಬೇತಿ ಕೇಂದ್ರಗಳಿಗೂ ವಿದ್ಯಾರ್ಥಿ ವಸತಿಗೃಹಗಳಿಗೂ ಅಂಗಡಿ ಸಾಲುಗಳಿಗೂ ಹೆಸರಾದ ಬಡಾವಣೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಆ ಸೀಮೆಯ ಕನ್ನಡಿಗರಿಗೆ ಓದಿಗೂ ವ್ಯಾಪಾರಕ್ಕೂ ಚಿಕಿತ್ಸೆಗೂ ಹೈದರಾಬಾದು ಇಂದಿಗೂ ಸಮೀಪದ ದೊಡ್ಡ ನಗರ. ಇಂತಹ ಬಡಾವಣೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಮೇಜಿನ ಮೇಲೆ ಬಾಗಿ ಓದುವವರು, ಮೂಟೆ ಎತ್ತುವವರು, ದ್ವಿಚಕ್ರ ವಾಹನದಲ್ಲಿ ಸರಕು ತಲುಪಿಸುವವರು ನಿತ್ಯವೂ ಕಾಣಸಿಗುತ್ತಾರೆ. ಪಕ್ಕೆಗೆ ಶ್ರಮ ಬೀಳುವ ಜೀವನಕ್ರಮ ಇವರದು. ಮನೆಯಿಂದ ದೂರವಿರುವ ಇವರಲ್ಲಿ ಹಲವರು ನೋವನ್ನು ಔಷಧದಂಗಡಿಯ ಮಾತ್ರೆಯಿಂದಲೇ ಕಳೆಯಲು ಯತ್ನಿಸುವುದು ಸಹಜ. ಆದುದರಿಂದ ಈ ನೋವಿನ ಸ್ವರೂಪವನ್ನು ಅರಿತಿರುವುದು ಎಲ್ಲರಿಗೂ ಉಪಯುಕ್ತ.

ಎದೆಗೂಡಿನ ರಚನೆ

ಮನುಷ್ಯನ ಎದೆಗೂಡಿನಲ್ಲಿ 12 ಜೊತೆ ಪಕ್ಕೆಲುಬುಗಳಿವೆ. ಅವೆಲ್ಲವೂ ಹಿಂಭಾಗದಲ್ಲಿ ಬೆನ್ನುಮೂಳೆಗೆ ಸೇರಿಕೊಂಡಿರುತ್ತವೆ. ಮುಂಭಾಗದಲ್ಲಿ ಮಾತ್ರ ಅವುಗಳ ಸ್ಥಿತಿ ಒಂದೇ ತೆರನಾಗಿಲ್ಲ. ಮೇಲಿನ 7 ಜೊತೆಗಳು ತಮ್ಮತಮ್ಮ ಮೃದ್ವಸ್ಥಿಗಳ ಮೂಲಕ ಎದೆಯ ನಡುವಿನ ಮೂಳೆಗೆ ನೇರವಾಗಿ ಕೂಡಿಕೊಳ್ಳುತ್ತವೆ. 8, 9 ಮತ್ತು 10ನೆಯ ಪಕ್ಕೆಲುಬುಗಳು ಆ ಮೂಳೆಯನ್ನು ಮುಟ್ಟುವುದಿಲ್ಲ. ಅವುಗಳಲ್ಲಿ ಪ್ರತಿಯೊಂದರ ಮೃದ್ವಸ್ಥಿಯೂ ತನ್ನ ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಗೆ ನಾರಿನಂತಹ ಬಂಧಗಳಿಂದ ಅಂಟಿಕೊಂಡಿರುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ ಕೈಗೆ ಸಿಗುವ ಬಾಗಿದ ಅಂಚು ಹೀಗೆ ಒಂದಕ್ಕೊಂದು ಜೋತುಬಿದ್ದ ಮೃದ್ವಸ್ಥಿಗಳಿಂದ ಆದದ್ದು. 11 ಮತ್ತು 12ನೆಯವು ಮುಂಭಾಗದಲ್ಲಿ ಯಾವುದಕ್ಕೂ ಸೇರದೆ ಹೊಟ್ಟೆಯ ಸ್ನಾಯುಗಳ ನಡುವೆ ಕೊನೆಗೊಳ್ಳುತ್ತವೆ.

ಈ ಗೂಡು ಎಂದೂ ನಿಶ್ಚಲವಾಗಿರುವುದಿಲ್ಲ. ನಿಮಿಷಕ್ಕೆ 15 ಉಸಿರಿನಂತೆ ಲೆಕ್ಕ ಹಾಕಿದರೆ ಒಂದು ದಿನಕ್ಕೆ 21,600 ಉಸಿರಾಗುತ್ತದೆ. ನಮ್ಮ ಯೋಗ ಸಂಪ್ರದಾಯವು ಹೇಳುವ ಸಂಖ್ಯೆಯೂ ಇದೇ. ಪ್ರತಿ ಉಸಿರಿಗೂ ಪಕ್ಕೆಲುಬುಗಳು ಏರಿ ಇಳಿಯುತ್ತವೆ. ಕೆಮ್ಮು, ಸೀನು, ನಗು, ಭಾರ ಎತ್ತುವಿಕೆ ಇವೆಲ್ಲವೂ ಅದರ ಮೇಲೆ ಹೆಚ್ಚಿನ ಸೆಳೆತವನ್ನು ಉಂಟುಮಾಡುತ್ತವೆ. ಪ್ರತಿಯೊಂದು ಪಕ್ಕೆಲುಬಿನ ಕೆಳ ಅಂಚಿನ ಗುಂಟ ಒಂದೊಂದು ನರ ಸಾಗುತ್ತದೆ. ಕೆಳಗಿನ ನರಗಳು ಅಲ್ಲಿಗೆ ನಿಲ್ಲದೆ ಹೊಟ್ಟೆಯ ಗೋಡೆಯವರೆಗೂ ಹರಡಿಕೊಳ್ಳುತ್ತವೆ. ಎದೆಗೂಡಿನ ಅಂಚಿನಲ್ಲಿ ಹುಟ್ಟಿದ ನೋವು ಹೊಟ್ಟೆಯೊಳಗಿನ ನೋವಿನಂತೆ ತೋರುವುದಕ್ಕೆ ಇದೇ ಮುಖ್ಯ ಕಾರಣ.

ಜಾರುವ ಪಕ್ಕೆಲುಬು

8, 9, 10ನೆಯ ಪಕ್ಕೆಲುಬುಗಳನ್ನು ಹಿಡಿದಿರುವ ನಾರಿನ ಬಂಧ ಸಡಿಲವಾದಾಗ ಅಥವಾ ಹರಿದಾಗ ಮೃದ್ವಸ್ಥಿಯ ತುದಿಯು ತನ್ನ ಸ್ಥಾನದಿಂದ ಸರಿದು ಮೇಲಿನ ಪಕ್ಕೆಲುಬಿನ ಒಳಬದಿಗೆ ಜಾರುತ್ತದೆ. ಮತ್ತೆ ಹಿಂದಕ್ಕೆ ಬರುತ್ತದೆ. ರೋಗಿಗೆ ‘ಟಕ್’ ಎಂದು ಅನುಭವವಾಗುವುದು ಈ ಜಾರುವಿಕೆಯೇ. ಜಾರಿದ ತುದಿಯು ಪಕ್ಕದ ನರವನ್ನು ಒತ್ತಿದಾಗ ಚೂರಿಯಿಂದ ಇರಿದಂತಹ ನೋವು ಕ್ಷಣಕಾಲ ಕಾಣಿಸಿಕೊಂಡು, ಅನಂತರ ಮಂದವಾದ ನೋವು ಕೆಲವು ಗಂಟೆಗಳು ಅಥವಾ ದಿನಗಳವರೆಗೆ ಉಳಿಯಬಹುದು. ಸಾಮಾನ್ಯವಾಗಿ ಇದು ಒಂದೇ ಬದಿಯಲ್ಲಿ ಇರುತ್ತದೆ. ಬೆನ್ನಿನ ಕಡೆಗೂ ಹೊಟ್ಟೆಯ ಕಡೆಗೂ ಹರಡುವುದುಂಟು.

ಈ ತೊಂದರೆ ವೈದ್ಯಲೋಕಕ್ಕೆ ಹೊಸದಲ್ಲ. ಒಳ ಅಂಗಗಳ ರೋಗವನ್ನು ಅನುಕರಿಸುವ ನೋವುಗಳ ವಿಷಯವಾಗಿ ಎಡ್ಗರ್ ಸಿರಿಯಾಕ್ಸ್ ಎಂಬ ವೈದ್ಯರು 1919ರಲ್ಲಿಯೇ ಬರೆದಿದ್ದರು. ‘ಜಾರುವ ಪಕ್ಕೆಲುಬು’ ಎಂಬ ಹೆಸರು 1922ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಡೇವಿಸ್-ಕಾಲಿ ಅವರ ಲೇಖನದಿಂದ ಬಳಕೆಗೆ ಬಂದಿತು. ಒಂದು ಶತಮಾನ ಕಳೆದಿದ್ದರೂ ಇದು ಹಲವು ವೇಳೆ ತಡವಾಗಿಯೇ ಗುರುತಿಸಲ್ಪಡುತ್ತದೆ. ಮೃದ್ವಸ್ಥಿಯು ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ ಎಂಬುದು ಇದಕ್ಕೆ ಒಂದು ಕಾರಣ. ಜಾರುವಿಕೆಯು ಚಲನೆಯ ದೋಷ ಎಂಬುದು ಇನ್ನೊಂದು ಕಾರಣ. ರೋಗಿ ಅಲುಗಾಡದೆ ಮಲಗಿರುವಾಗ ತೆಗೆದ ಚಿತ್ರದಲ್ಲಿ ಎಲ್ಲವೂ ಸ್ವಸ್ಥಾನದಲ್ಲಿಯೇ ಇರುತ್ತದೆ.

ಪಕ್ಕೆಗೆ ಬಿದ್ದ ಹಿಂದಿನ ಪೆಟ್ಟು, ಮೈ ತಿರುಚುವ ಆಟಗಳು, ಭಾರವನ್ನು ಓರೆಯಾಗಿ ಎತ್ತುವುದು, ಬಹುಕಾಲದ ಕೆಮ್ಮು ಇವು ಬಂಧಗಳನ್ನು ದುರ್ಬಲಗೊಳಿಸುತ್ತವೆ. ಹುಟ್ಟಿನಿಂದಲೇ ಕೀಲುಗಳು ಸಡಿಲವಾಗಿರುವವರಲ್ಲಿ ಪೆಟ್ಟಿಲ್ಲದೆಯೂ ಇದು ಬರಬಹುದು. ಬಾಗಿ ಕುಳಿತುಕೊಳ್ಳುವುದರಿಂದ ರೋಗ ಹುಟ್ಟುತ್ತದೆಂದು ಹೇಳಲಾಗದಿದ್ದರೂ, ಇರುವ ನೋವು ಅದರಿಂದ ಕೆರಳುವುದುಂಟು.

ವೈದ್ಯರು ಗುರುತಿಸುವ ಬಗೆ

ಇಲ್ಲಿ ಯಂತ್ರಗಳಿಗಿಂತ ವೈದ್ಯರ ಕೈ ಮುಖ್ಯ. ಪಕ್ಕೆಲುಬಿನ ಅಂಚಿನ ಕೆಳಗೆ ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಇಟ್ಟು, ಮೃದುವಾಗಿ ಮುಂದಕ್ಕೆ ಎಳೆದಾಗ ರೋಗಿಯ ಪರಿಚಿತ ನೋವು ಮರುಕಳಿಸಿದರೆ ಮತ್ತು ‘ಟಕ್’ ಎಂಬ ಅನುಭವವಾದರೆ ಪಕ್ಕೆಲುಬಿನ ಜಾರುವಿಕೆಯನ್ನು ಶಂಕಿಸಲು ಬಲವಾದ ಆಧಾರ ದೊರೆಯುತ್ತದೆ. 1977ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರ್ಣಿತವಾದ ಈ ಕೊಕ್ಕೆ ಪರೀಕ್ಷೆಗೆ ಖರ್ಚೇನೂ ಇಲ್ಲ.

ನೋವು ಹೊಟ್ಟೆಯ ಗೋಡೆಯದೋ ಒಳ ಅಂಗದ್ದೋ ಎಂದು ತಿಳಿಯಲು ಇನ್ನೊಂದು ವಿಧಾನವಿದೆ. ಮಲಗಿದ ರೋಗಿಯ ನೋವಿನ ಸ್ಥಳವನ್ನು ಬೆರಳಿನಿಂದ ಒತ್ತಿ ಹಿಡಿದು, ತಲೆಯನ್ನು ಮೇಲೆತ್ತಿ ಹೊಟ್ಟೆಯನ್ನು ಬಿಗಿಹಿಡಿಯಲು ಹೇಳಲಾಗುತ್ತದೆ. ಬಿಗಿಯಾದ ಸ್ನಾಯು ಒಳ ಅಂಗಗಳನ್ನು ಕಾಪಾಡುವುದರಿಂದ ಒಳಗಿನ ನೋವು ಆಗ ತಗ್ಗುತ್ತದೆ. ಗೋಡೆಯ ನೋವು ಹಾಗೆಯೇ ಉಳಿಯುತ್ತದೆ ಅಥವಾ ಹೆಚ್ಚುತ್ತದೆ. ಅಮೆರಿಕದ ಶಸ್ತ್ರವೈದ್ಯ ಕಾರ್ನೆಟ್ 1926ರಲ್ಲಿ ಪ್ರಕಟಿಸಿದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅಗತ್ಯವೆನಿಸಿದಲ್ಲಿ, ರೋಗಿ ಎದ್ದು ಬಾಗಿ ಮೈ ಚಲಿಸುತ್ತಿರುವಾಗಲೇ ಅಲ್ಟ್ರಾಸೌಂಡ್ ಉಪಕರಣದಿಂದ ಪಕ್ಕೆಲುಬಿನ ತುದಿಯನ್ನು ನೋಡಲಾಗುತ್ತದೆ. ಇದರಲ್ಲಿ ಅನುಭವವುಳ್ಳವರು ಮಾಡಿದರೆ ಮಾತ್ರ ಪ್ರಯೋಜನ ಹೆಚ್ಚು.

ಈ ಪರೀಕ್ಷೆಗಳನ್ನು ಮನೆಯಲ್ಲಿ ತಾವೇ ಮಾಡಿಕೊಂಡು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಪದೇ ಪದೇ ಒತ್ತಿ ನೋಡುವುದರಿಂದ ನರ ಮತ್ತಷ್ಟು ಕೆರಳುತ್ತದೆ.

ಬೇರೆ ಕಾರಣಗಳು

ಪಕ್ಕೆಲುಬಿನಡಿಯ ನೋವೆಲ್ಲವೂ ಜಾರುವಿಕೆಯಿಂದ ಬಂದದ್ದೆಂದು ಭಾವಿಸಬಾರದು. ಬಲಭಾಗದಲ್ಲಿ ಯಕೃತ್ತು ಮತ್ತು ಪಿತ್ತಕೋಶ, ಎಡಭಾಗದಲ್ಲಿ ಗುಲ್ಮ ಮತ್ತು ಜಠರ, ಹಿಂಬದಿಯಲ್ಲಿ ಮೂತ್ರಪಿಂಡಗಳು, ಮೇಲೆ ಶ್ವಾಸಕೋಶ ಮತ್ತು ಹೃದಯ ಇವೆಲ್ಲವೂ ಈ ಅಂಚಿನ ನೆರೆಹೊರೆಯಲ್ಲಿವೆ.

ಪಿತ್ತಕೋಶದ ಹರಳಿನ ನೋವು ಹಲವು ವೇಳೆ ಎಣ್ಣೆ ತುಪ್ಪದ ಊಟದ ಅನಂತರ ಬಲಭಾಗದಲ್ಲಿ ಏರಿ, ಅರ್ಧ ಗಂಟೆಗೂ ಮೀರಿ ನಿಂತು, ಬಲ ಹೆಗಲಿನ ಕಡೆಗೆ ಹರಡುತ್ತದೆ. ಮೈ ತಿರುಗಿಸಿದುದರಿಂದ ಅದು ಹೆಚ್ಚು ಕಡಿಮೆಯಾಗುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಯಾವ ತೊಂದರೆಯನ್ನೂ ಕೊಡದ ಹರಳುಗಳು ಅನೇಕರಲ್ಲಿ ಇರುತ್ತವೆ. ಆದುದರಿಂದ ಸ್ಕ್ಯಾನಿನಲ್ಲಿ ಹರಳು ಕಂಡಿತೆಂದ ಮಾತ್ರಕ್ಕೆ ನೋವಿಗೆ ಅದೇ ಕಾರಣವೆಂದು ಸಿದ್ಧವಾಗುವುದಿಲ್ಲ. ನೋವಿನ ಮೂಲ ಪಕ್ಕೆಲುಬಿನಲ್ಲಿದ್ದರೆ ಪಿತ್ತಕೋಶವನ್ನು ತೆಗೆದ ಮೇಲೂ ನೋವು ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ‘ಈ ನೋವು ಪಕ್ಕೆಲುಬಿನದ್ದಾಗಿರಬಹುದೇ?’ ಎಂದು ವೈದ್ಯರನ್ನು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.

ಸರ್ಪಸುತ್ತಿನಲ್ಲಿ ಗುಳ್ಳೆಗಳು ಏಳುವುದಕ್ಕೆ ಕೆಲವು ದಿನಗಳ ಮೊದಲೇ ಪಕ್ಕೆಯ ಒಂದು ಬದಿಯಲ್ಲಿ ಪಟ್ಟಿಯಂತೆ ಉರಿನೋವು ಕಾಣಿಸಿಕೊಳ್ಳಬಹುದು. ಗುಳ್ಳೆ ಕಂಡ 72 ಗಂಟೆಗಳೊಳಗೆ ಔಷಧ ಆರಂಭಿಸಿದರೆ ಪ್ರಯೋಜನ ಹೆಚ್ಚು. ಡಿ ಜೀವಸತ್ವದ ತೀವ್ರ ಕೊರತೆಯಿಂದ ಮೂಳೆ ಮೆದುವಾದಾಗ ಪಕ್ಕೆಲುಬುಗಳನ್ನು ಒತ್ತಿದರೆ ನೋಯುತ್ತದೆ. ಬಿಸಿಲನ್ನೇ ಕಾಣದೆ ಕೋಣೆಯೊಳಗೆ ದಿನ ಕಳೆಯುವವರು ಇದನ್ನು ಗಮನಿಸಬೇಕು. ಕ್ಷಯರೋಗವು ಶ್ವಾಸಕೋಶದ ಹೊರಪೊರೆಯನ್ನು ಮಾತ್ರವಲ್ಲದೆ ಕೆಲವೊಮ್ಮೆ ಪಕ್ಕೆಲುಬನ್ನೂ ಮುಟ್ಟುತ್ತದೆ. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿಕೆ ಇದ್ದಲ್ಲಿ ಕಫ ಪರೀಕ್ಷೆ ತಪ್ಪದೆ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ ಮತ್ತು ಔಷಧ ಉಚಿತ. ಮೂಳೆ ಸವೆದು ಬೆನ್ನು ಬಾಗಿದ ವೃದ್ಧರಲ್ಲಿ ಕೊನೆಯ ಪಕ್ಕೆಲುಬು ಸೊಂಟದ ಮೂಳೆಗೆ ತಗುಲಿ ನೋವುಂಟುಮಾಡುವುದೂ ಇದೆ.

ಇನ್ನು, ನೋವೇ ಇಲ್ಲದೆ ಆಗೊಮ್ಮೆ ಈಗೊಮ್ಮೆ ಬರುವ ‘ಟಕ್’ ಶಬ್ದಕ್ಕಾಗಲಿ, ಕರುಳಿನಲ್ಲಿ ಗಾಳಿ ಚಲಿಸುವಾಗಿನ ಗುಡುಗುಡು ಶಬ್ದಕ್ಕಾಗಲಿ ಚಿಕಿತ್ಸೆ ಬೇಕಾಗಿಲ್ಲ.

ತಡಮಾಡಬಾರದ ಸಂದರ್ಭಗಳು

ಕೆಳಗಿನ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ಪಕ್ಕೆಲುಬಿನ ನೋವೆಂದು ಮನೆಯಲ್ಲಿ ಕಾಯತಕ್ಕದ್ದಲ್ಲ:

1. ಎದೆ ಹಿಂಡಿದಂತಾಗುವುದು, ತಣ್ಣನೆಯ ಬೆವರು, ಎಡಗೈಗೆ ಅಥವಾ ದವಡೆಗೆ ಹರಡುವ ನೋವು. ಮಧುಮೇಹಿಗಳಲ್ಲಿ, ಮಹಿಳೆಯರಲ್ಲಿ ಮತ್ತು ವೃದ್ಧರಲ್ಲಿ ಹೃದಯಾಘಾತವು ಮೇಲ್ಹೊಟ್ಟೆಯ ನೋವಾಗಿ ಮಾತ್ರ ಕಾಣಿಸಿಕೊಳ್ಳಬಹುದು.

2. ಹಠಾತ್ತನೆ ಉಸಿರು ಕಟ್ಟುವುದು, ಕಫದಲ್ಲಿ ರಕ್ತ.

3. ಚಳಿ ಜ್ವರದೊಡನೆ ನೋವು, ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ.

4. ವಾಹನದಿಂದ ಬಿದ್ದ ಅಥವಾ ಪೆಟ್ಟು ತಗುಲಿದ ಅನಂತರದ ನೋವು. ಎಡ ಪಕ್ಕೆಯ ಪೆಟ್ಟಿನಿಂದ ಗುಲ್ಮಕ್ಕೆ ಗಾಯವಾಗಿ, ಕೆಲವು ದಿನಗಳ ಮೇಲೂ ಒಳಗೆ ರಕ್ತಸ್ರಾವ ಆಗಬಹುದು.

5. ಗರ್ಭಿಣಿಯರಲ್ಲಿ 20 ವಾರಗಳ ಅನಂತರ ಬಲ ಪಕ್ಕೆಲುಬಿನಡಿ ನೋವು, ಜೊತೆಗೆ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ. ಇದು ರಕ್ತದ ಒತ್ತಡ ಏರಿರುವುದರ ಸೂಚನೆಯಾಗಿರಬಹುದು.

6. ಮಳೆಗಾಲದ ಜ್ವರ ಇಳಿಯುತ್ತಿರುವಾಗ ಹೊಟ್ಟೆನೋವು ಹೆಚ್ಚುವುದು. ಇದು ಡೆಂಗಿಯ ಅಪಾಯಸೂಚನೆ.

7. ಕಪ್ಪು ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು.

ಇವುಗಳಲ್ಲಿ ತುರ್ತಾದವು ಕಂಡಾಗ 108ಕ್ಕೆ ದೂರವಾಣಿ ಕರೆ ಮಾಡಬೇಕು. ಈ ಆಂಬುಲೆನ್ಸ್ ಸೇವೆ ಹೈದರಾಬಾದಿನಲ್ಲಿಯೇ 2005ರಲ್ಲಿ ಆರಂಭವಾಯಿತು.

ಚಿಕಿತ್ಸೆ

ಜಾರುವ ಪಕ್ಕೆಲುಬು ಪ್ರಾಣಕ್ಕೆ ಅಪಾಯ ತರುವ ರೋಗವಲ್ಲ. ನೋವಿನ ಕಾರಣ ತಿಳಿದು ಭಯ ನೀಗಿದಾಗಲೇ ಅನೇಕರ ಸಂಕಟ ಬಹುಮಟ್ಟಿಗೆ ಇಳಿಯುತ್ತದೆ. ಕೆಲವು ವಾರಗಳ ಕಾಲ ಮೈ ತಿರುಚುವ, ಮುಂದಕ್ಕೆ ಬಾಗಿ ಭಾರ ಎತ್ತುವ ಕೆಲಸಗಳನ್ನು ಬಿಡಬೇಕು. ಹಾಗೆಂದು ಹಾಸಿಗೆ ಹಿಡಿಯುವ ಅಗತ್ಯವಿಲ್ಲ, ನಡಿಗೆ ಒಳ್ಳೆಯದು. ಓದುವವರು ಪುಸ್ತಕವನ್ನು ಎತ್ತರದಲ್ಲಿಟ್ಟು ನೆಟ್ಟಗೆ ಕುಳಿತು, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು. ಹಾಸಿಗೆಯಿಂದ ಏಳುವಾಗ ನೇರವಾಗಿ ಏಳದೆ, ಮಗ್ಗುಲಾಗಿ ಕೈಯೂರಿ ಏಳುವುದು ಕ್ಷೇಮ. ಕೆಮ್ಮುವಾಗ ದಿಂಬನ್ನು ಪಕ್ಕೆಗೆ ಒತ್ತಿ ಹಿಡಿದರೆ ಸೆಳೆತ ತಗ್ಗುತ್ತದೆ. ಬಿಸಿ ಶಾಖದಿಂದ ಹಲವರಿಗೆ ಉಪಶಮನ ಸಿಗುತ್ತದೆ. ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮಗಳನ್ನು ಭೌತಚಿಕಿತ್ಸಕರಿಂದ ಕಲಿಯಬಹುದು. ಯೋಗಾಭ್ಯಾಸಿಗಳು ನೋವಿರುವವರೆಗೆ ಮೈ ತಿರುಚುವ ಆಸನಗಳನ್ನು ನಿಲ್ಲಿಸುವುದು ಮೇಲು.

ನೋವುನಿವಾರಕ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಅಲ್ಪಕಾಲ ಮಾತ್ರ ಸೇವಿಸಬೇಕು. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಮುಂತಾದವನ್ನು ವಾರಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಹೊಟ್ಟೆಯ ನೋವನ್ನು ಕಳೆಯಲೆಂದು ನುಂಗಿದ ಮಾತ್ರೆಯೇ ಹೊಟ್ಟೆಯಲ್ಲಿ ಹೊಸ ನೋವನ್ನು ಹುಟ್ಟಿಸುವುದು ಹೀಗೆ. ಡೆಂಗಿಯ ಶಂಕೆಯಿದ್ದಾಗ ಈ ಮಾತ್ರೆಗಳನ್ನು ಮುಟ್ಟಲೇಬಾರದು.

ಇಷ್ಟಕ್ಕೂ ಬಗ್ಗದ ನೋವಿಗೆ ಪಕ್ಕೆಲುಬಿನ ನರದ ಸುತ್ತ ಜಡತೆ ತರುವ ಚುಚ್ಚುಮದ್ದು ಕೊಡಲಾಗುತ್ತದೆ. ಅದರಿಂದ ನೋವು ನಿಂತರೆ ರೋಗನಿರ್ಣಯಕ್ಕೂ ಸಮರ್ಥನೆ ದೊರೆತಂತಾಗುತ್ತದೆ. ದೀರ್ಘಕಾಲ ಬಾಧಿಸುವ ಕೆಲವೇ ಪ್ರಕರಣಗಳಲ್ಲಿ ಜಾರುವ ಮೃದ್ವಸ್ಥಿಯ ತುದಿಯನ್ನು ಕತ್ತರಿಸಿ ತೆಗೆಯುವ, ಅಥವಾ ಅದನ್ನು ಮೇಲಿನ ಪಕ್ಕೆಲುಬಿಗೆ ಹೊಲಿದು ನಿಲ್ಲಿಸುವ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಅನೇಕರಿಗೆ ಇದರಿಂದ ಗುಣ ಕಂಡುಬಂದಿದ್ದರೂ ನೋವು ಮರುಕಳಿಸುವ ಸಂಭವವೂ ಇರುವುದರಿಂದ ಇದನ್ನು ಕೊನೆಯ ಉಪಾಯವೆಂದೇ ಪರಿಗಣಿಸಬೇಕು.

ಚಳುಕು ತೆಗೆಯುವ ನೆಪದಲ್ಲಿ ಪಕ್ಕೆಯನ್ನು ತುಳಿಸುವುದು, ಬಲವಾಗಿ ತಿಕ್ಕಿಸುವುದು, ಬರೆ ಹಾಕಿಸುವುದು ಸರ್ವಥಾ ಕೂಡದು. ಮೂಳೆ ಮೆದುವಾಗಿರುವವರಲ್ಲಿ ತುಳಿತದಿಂದ ಪಕ್ಕೆಲುಬು ಮುರಿಯಬಹುದು. ಬರೆಯಿಂದ ಗಾಯ ಕೀವಾಗುವುದಲ್ಲದೆ, ಚಿಕಿತ್ಸೆಗೆ ದೊರೆಯುತ್ತಿದ್ದ ಅಮೂಲ್ಯ ಕಾಲವೂ ವ್ಯರ್ಥವಾಗುತ್ತದೆ.

ಎಲ್ಲಿಗೆ ಹೋಗಬೇಕು, ಏನು ಹೇಳಬೇಕು

ಮೊದಲು ಸಮೀಪದ ಸಾಮಾನ್ಯ ವೈದ್ಯರನ್ನೋ ಸರ್ಕಾರಿ ಆರೋಗ್ಯ ಕೇಂದ್ರವನ್ನೋ ಕಾಣುವುದು ಯುಕ್ತ. ಮುಂದಿನ ಪರೀಕ್ಷೆ ಬೇಕಾದಲ್ಲಿ ದಿಲ್‌ಸುಖ್‌ನಗರದವರಿಗೆ ಒಂದು ಅನುಕೂಲವಿದೆ. 2018ರ ಸೆಪ್ಟೆಂಬರ್‌ನಲ್ಲಿ ಅಮೀರ್‌ಪೇಟೆಯಿಂದ ಎಲ್.ಬಿ. ನಗರದವರೆಗೆ ತೆರೆದ ಮೆಟ್ರೋ ಮಾರ್ಗವು ಈ ಬಡಾವಣೆಯ ಮೂಲಕವೇ ಹಾದುಹೋಗುತ್ತದೆ. ಅದೇ ಮಾರ್ಗದಲ್ಲಿ ಎಂ.ಜಿ.ಬಿ.ಎಸ್. ನಿಲ್ದಾಣದಲ್ಲಿ ಇಳಿದರೆ ಅಫ್ಜಲ್‌ಗಂಜಿನ ಉಸ್ಮಾನಿಯಾ ಜನರಲ್ ಆಸ್ಪತ್ರೆ ಸಮೀಪ. ಪಂಜಾಗುಟ್ಟದಲ್ಲಿ ಇಳಿದರೆ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆ ಸಮೀಪ. ಎದೆರೋಗಗಳ ಸರ್ಕಾರಿ ಆಸ್ಪತ್ರೆಯಿರುವ ಎರ್ರಗಡ್ಡವೂ ಇದೇ ಮಾರ್ಗದಲ್ಲಿದೆ. ಕೇಂದ್ರ ಸರ್ಕಾರದ ನೌಕರರು ಮತ್ತು ಪಿಂಚಣಿದಾರರಿಗೆ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯ ಕೇಂದ್ರಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಒಳರೋಗಿ ಚಿಕಿತ್ಸೆಯ ಸೌಲಭ್ಯವಿದೆ. ಬೇರೆ ರಾಜ್ಯದಿಂದ ಬಂದವರು ತಮ್ಮ ಕಾರ್ಡು ಅಲ್ಲಿ ಸಲ್ಲುವುದೇ ಎಂಬುದನ್ನು ಆಸ್ಪತ್ರೆಯ ಸಹಾಯ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ವೈದ್ಯರು ಬರೆದುಕೊಟ್ಟ ಔಷಧಗಳಲ್ಲಿ ಹಲವು ಜನೌಷಧಿ ಕೇಂದ್ರಗಳಲ್ಲಿ ಕಡಿಮೆ ಬೆಲೆಗೆ ದೊರೆಯುತ್ತವೆ.

ಭಾಷೆ ಬೇರೆಯಾದ ಊರಿನಲ್ಲಿ ನೋವನ್ನು ವಿವರಿಸುವುದು ಕಷ್ಟ. ‘ಗ್ಯಾಸ್’ ಎಂಬ ಒಂದೇ ಮಾತನ್ನು ಹೇಳಿದರೆ ಚಿಕಿತ್ಸೆಯೂ ಆ ದಾರಿಯಲ್ಲಿಯೇ ಸಾಗುತ್ತದೆ. ಪಕ್ಕೆಲುಬಿಗೆ ತೆಲುಗಿನಲ್ಲಿ ‘ಪಕ್ಕಟೆಮುಕ’ ಎಂದೂ ಹಿಂದಿ ಮತ್ತು ಉರ್ದುವಿನಲ್ಲಿ ‘ಪಸಲಿ’ ಎಂದೂ ಹೆಸರು. ಈ ಎರಡು ಪದಗಳನ್ನು ತಿಳಿದಿದ್ದು, ನೋಯುವ ಸ್ಥಳವನ್ನು ಒಂದೇ ಬೆರಳಿನಿಂದ ತೋರಿಸಿದರೆ ಅರ್ಧ ಕೆಲಸವಾದಂತೆ. ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ವಾರದ ವಿವರವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ನೋವು ಯಾವ ಬದಿಯಲ್ಲಿ, ಯಾವ ಚಲನೆಯಿಂದ ಬರುತ್ತದೆ. ಎಷ್ಟು ಹೊತ್ತು ಇರುತ್ತದೆ. ಊಟಕ್ಕೂ ಅದಕ್ಕೂ ಸಂಬಂಧವಿದೆಯೇ. ‘ಟಕ್’ ಎಂಬ ಅನುಭವ ಆಗುತ್ತದೆಯೇ. ಹಿಂದೆ ಪೆಟ್ಟು ಬಿದ್ದಿತ್ತೇ. ಯಾವ ಮಾತ್ರೆಗಳನ್ನು ಸೇವಿಸಲಾಗಿದೆ ಎಂಬಿವು ಅದರಲ್ಲಿರಬೇಕು. ಹಳೆಯ ವರದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ದರೆ ಅದೇ ಪರೀಕ್ಷೆಗೆ ಮತ್ತೊಮ್ಮೆ ಹಣ ತೆರುವುದು ತಪ್ಪುತ್ತದೆ.

ಮನೆಯವರಿಗೂ ಒಂದು ಮಾತು. ವರದಿಯಲ್ಲಿ ಏನೂ ಕಾಣಲಿಲ್ಲವೆಂಬ ಕಾರಣಕ್ಕೆ ನೋವು ಸುಳ್ಳಾಗುವುದಿಲ್ಲ. ಪರೀಕ್ಷೆಗೆ ಹೆದರಿ ನೆಪ ಹೇಳುತ್ತಿದ್ದಾನೆಂದು ವಿದ್ಯಾರ್ಥಿಯನ್ನು ಗದರಿಸುವುದೂ, ಮನೆಗೆಲಸ ತಪ್ಪಿಸಿಕೊಳ್ಳುತ್ತಿದ್ದಾಳೆಂದು ಹೆಣ್ಣುಮಗಳನ್ನು ಅನುಮಾನಿಸುವುದೂ ನೋವಿನ ಮೇಲೆ ಇನ್ನೊಂದು ನೋವನ್ನು ಹೇರಿದಂತೆ. ಅಪಾಯಕರ ರೋಗಗಳಿಲ್ಲವೆಂದು ಮೊದಲು ಖಚಿತಪಡಿಸಿಕೊಂಡು, ಅನಂತರ ಪಕ್ಕೆಲುಬಿನ ಕಡೆಗೂ ಒಮ್ಮೆ ಗಮನ ಹರಿಸುವಂತೆ ವೈದ್ಯರನ್ನು ಕೇಳಿಕೊಂಡರೆ, ವರ್ಷಗಟ್ಟಲೆ ಹೆಸರಿಲ್ಲದೆ ಕಾಡಿದ ಎಷ್ಟೋ ನೋವುಗಳಿಗೆ ಹೆಸರೂ ಪರಿಹಾರವೂ ದೊರೆಯಲು ಸಾಧ್ಯ.